ಬಿಸ್ಮಿ ಹೇಳದ ಕೋಳಿ

ಮೊಮ್ಮಗಳಿಗೆ ಪಿಎಚ್‌ಡಿ ಸೀಟು ಸಿಕ್ಕಿದ ಸುದ್ದಿ ಬಂದಾಗ ನಾನು ಮೂರ್ನಾಡಿನಿಂದ ಮನೆಗೆ ಬರುವ ಬಸ್ಸಿನಲ್ಲಿದ್ದೆ. ಪಿಎಚ್‌ಡಿ ಅಂದರೆ ಎಂಥದ್ದು ಅಂತ ನನಗೆ ಗೊತ್ತಿರಲಿಲ್ಲ, ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಫೋನಿನಲ್ಲಿ ಅವಳ ದನಿ ಕೇಳಿಯೇ ನನಗೆ ಸಾಕಾಯಿತು. ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸಿಗೆ ಹೇಳಿದೆ, ಕಂಡಕ್ಟರಿಗೆ ಹೇಳಿದೆ, ಬಸ್ಸಿಳಿದ ಮೇಲೆ ಕಾಫಿ ಕುಯ್ಯುತ್ತಿದ್ದ ಹೆಂಗಸರಿಗೆಲ್ಲ ಬೇಲಿ ಆಚೆಯಿಂದ ಕೂಗಿ ಹೇಳಿದೆ. ಮನೆ ಮುಟ್ಟುವಷ್ಟರಲ್ಲಿ ನನ್ನ ಗಂಟಲೇ ಕಟ್ಟಿಹೋಗಿತ್ತು.

"ಎಂಥ ಓದ್ತಾಳಂತೆ?" ಅಂತ ಮೈದುನ ಕೇಳಿದ.

"ಧರ್ಮದ ವಿಷಯ. ಬೇರೆ ಬೇರೆ ದೇವರಿಗೆ ಕೈಮುಗಿಯುವವರು ಈಗಿನ ಕಾಲದಲ್ಲಿ ಒಂದೇ ಊರಲ್ಲಿ ಹೇಗೆ ಬದುಕ್ತಾರೆ ಅಂತ."

"ಅದನ್ನು ಓದಿ ಎಂಥ ಆಗುದು? ಪೂಜಾರಿ ಕೆಲಸಕ್ಕೆ ಹೆಂಗಸರನ್ನು ಸೇರಿಸ್ತಾರಾ?"

"ಮೂರು ಸಲ ಕಟ್ಟಿದರೂ ನಿನಗೆ ಎಸ್ಸೆಸ್ಸೆಲ್ಸಿ ಆಗಲಿಲ್ಲ. ನೀನು ಬಾಯಿ ಮುಚ್ಚು" ಅಂದೆ. ಅಷ್ಟು ಖುಷಿ ನನಗೆ. ಖುಷಿಯಾದರೆ ನನ್ನ ನಾಲಿಗೆ ಚೂಪಾಗುತ್ತದೆ, ಅದು ಮೊದಲಿಂದಲೂ ಹಾಗೆ.

ಎರಡನೇ ವರ್ಷ ಅವಳು ಆರು ತಿಂಗಳು ನಮ್ಮ ಮನೆಯಲ್ಲೇ ಇದ್ದು ಕೆಲಸ ಮಾಡಲು ಬಂದಳು. ಕೆಲಸ ಅಂದರೆ ಮನೆಮನೆಗೆ ಹೋಗಿ ಮಾತಾಡಿಸುವುದು. ಸಿದ್ದಾಪುರದ ಕಡೆ ಎಸ್ಟೇಟಿನ ಕೂಲಿಯವರ ಲೈನುಮನೆಗಳಿಗೆ ಹೋದಳು, ಚರ್ಚಿಗೆ ಹೋದಳು, ಮಸೀದಿಯ ಹತ್ತಿರ ಹೋದಳು. ಹೋದಲ್ಲೆಲ್ಲ ಒಂದು ಕಾಗದ ಓದಿ ಹೇಳಿ, ಅವರ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಂಡು, ಫೋನಿನಲ್ಲಿ ಅವರ ಮಾತು ಹಿಡಿದು ತರುತ್ತಿದ್ದಳು. ಯಾರ ಹೆಸರನ್ನೂ ಬರೆಯುವುದಿಲ್ಲ, ಬೇಡ ಅಂದರೆ ಯಾವಾಗ ಬೇಕಾದರೂ ಮಾತು ವಾಪಸ್ಸು ತಗೊಳ್ಳಬಹುದು, ಅಂತ ಆ ಕಾಗದದಲ್ಲಿ ಇತ್ತು. ಮೊದಲ ತಿಂಗಳು ಒಳ್ಳೆಯದೇನೂ ಸಿಗಲಿಲ್ಲ. "ಎಲ್ಲರೂ 'ನಾವು ಅಣ್ಣತಮ್ಮಂದಿರ ಹಾಗೆ ಇದ್ದೇವೆ' ಅಂತಾರೆ ಅಜ್ಜಿ. ಹೇಗೆ ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ" ಅಂತ ತಲೆ ಮೇಲೆ ಕೈ ಹೊತ್ತು ಕೂತಿದ್ದಳು.

"ಕೆಳಗಿನ ಮನೆ ಉಮ್ಮನ ಹತ್ತಿರ ಹೋಗು" ಅಂದವಳು ನಾನೇ.

ಉಮ್ಮ ಅಂದರೆ ನಮ್ಮ ತೋಟದ ಕೆಳಗೆ, ರಸ್ತೆ ಪಕ್ಕದ ಮನೆಯ ಮಲಯಾಳಿ ಮುಸ್ಲಿಂ ಹೆಂಗಸು, ನಮ್ಮ ಕಡೆ ಮಾಪಿಳ್ಳೆ ಅನ್ನುತ್ತಾರೆ. ಊರೆಲ್ಲ ಅವಳನ್ನು ಉಮ್ಮ ಅಂತಲೇ ಕರೆಯುವುದು. ನನಗಿಂತ ಐದಾರು ವರ್ಷ ಚಿಕ್ಕವಳು, ನನ್ನನ್ನು ಅಕ್ಕ ಅಂತಾಳೆ. ಅವಳ ಗಂಡ ಕಾಕ ಕೋಳಿ ವ್ಯಾಪಾರ ಮಾಡುತ್ತಿದ್ದ, ತೀರಿಕೊಂಡು ನಾಲ್ಕು ವರ್ಷವಾಯಿತು.

ಆವತ್ತು ಸಂಜೆ ಮೊಮ್ಮಗಳು ದಿಬ್ಬ ಹತ್ತಿ ಓಡಿಬಂದಳು. ಚಪ್ಪಲಿ ಬಿಡದೆ ಅಡುಗೆಮನೆಗೇ ಬಂದಳು. "ಅಜ್ಜಿ, ಸಿಕ್ಕಿತು! ಕೇಳು ಇದು" ಅಂತ ಫೋನು ನನ್ನ ಕಿವಿಗೆ ಹಿಡಿದಳು.

ಉಮ್ಮನ ದನಿ. ಅವಳು ಮೊಮ್ಮಗಳನ್ನು ಮೋಳೆ, ಅಂದರೆ ಮಗಳೇ, ಅಂತ ಕರೆಯುವುದು. "ನೋಡು ಮೋಳೆ, ನಮಗೆ ಬಿಸ್ಮಿ ಹೇಳಿ, ಅಲ್ಲಾನ ಹೆಸರೆತ್ತಿ, ಕೊಯ್ದದ್ದೇ ಆಗಬೇಕು. ಅದಕ್ಕೆ ನಾವು ಬೇರೆಯವರ ಮನೆಯಲ್ಲಿ ಮಾಂಸ ತಿನ್ನುವಾಗ ಯಾರು ಕೊಯ್ದದ್ದು ಅಂತ ಕೇಳ್ತೇವೆ. ಕೇಳುವುದು ನಾಚಿಕೆ ಅಲ್ಲ, ಕೇಳಲೇಬೇಕು. ಆದರೆ ನಿನ್ನ ಅಜ್ಜಿ ಮನೆಯಲ್ಲಿ ಮೂವತ್ತು ವರ್ಷ ಉಂಡಿದ್ದೇನೆ, ಒಂದು ದಿನ ಕೇಳಲಿಲ್ಲ. ಅವರ ಮನೆ ಊಟದ ಕೋಳಿ ಎಲ್ಲ ನಿನ್ನ ಕಾಕನೇ ಕೊಯ್ಯುತ್ತಿದ್ದದ್ದು. ನಿನ್ನ ಅಪ್ಪನ ಮದುವೆಗೆ ಕಾಕನಿಗೆ ಕೊಯ್ಯಲು ಆಗಲಿಲ್ಲ, ಆವತ್ತೂ ಬೇರೆ ಮಾಪಿಳ್ಳೆಯನ್ನು ಕರೆಸಿ ಕೊಯ್ಯಿಸಿದ್ರು. ನಮಗೋಸ್ಕರ. ಅಂಥ ಮನೆ ಅದು. ಕೇಳದೆ ಉಂಡೆ ಅಂತ ಬರಿ."

"ಕೇಳದೆ ಉಂಡೆ" ಅಂತ ಮೊಮ್ಮಗಳು ಮತ್ತೆ ಮತ್ತೆ ಹೇಳಿಕೊಂಡಳು. ಅವಳ ಕಣ್ಣಲ್ಲಿ ನೀರು. "ನನ್ನ ಇಡೀ ಪುಸ್ತಕ ಈ ಒಂದು ಮಾತಿನ ಮೇಲೆ ನಿಲ್ತದೆ ಅಜ್ಜಿ." ಅವಳ ಮೇಷ್ಟ್ರಿಗೆ ಬರೆದು ಕಳಿಸಿದಳು. ಇದೇ ನಿನ್ನ ಮುಖ್ಯ ಅಧ್ಯಾಯ, ಬೇರೆಲ್ಲ ಬಿಟ್ಟು ಇದನ್ನು ಮಾಡು ಅಂತ ಅವರು ಉತ್ತರ ಕೊಟ್ಟರು.

ನಾನು ಅವಳಿಗೆ ಕಾಫಿ ಕೊಟ್ಟೆ, ಅಕ್ಕಿರೊಟ್ಟಿ ಕೊಟ್ಟೆ. ಒಲೆಯ ಕಡೆ ತಿರುಗಿ ನಿಂತೆ. ಯಾಕೆಂದರೆ ಆ ಮದುವೆಯ ಕೋಳಿಯನ್ನು ಯಾವ ಮಾಪಿಳ್ಳೆಯೂ ಕೊಯ್ದಿರಲಿಲ್ಲ.

ನಮ್ಮ ಕಡೆ ಪದ್ಧತಿ ಹೀಗೆ. ಮನೆಯಲ್ಲಿ ದೊಡ್ಡ ಊಟ ಇದ್ದರೆ ಹಂದಿಯನ್ನು ನಮ್ಮವರು ಬೇರೆ ಕಡೆ ಕೊಯ್ದು ಬೇರೆ ಒಲೆಯಲ್ಲಿ ಬೇಯಿಸುತ್ತಾರೆ. ಕೋಳಿ ಮಾತ್ರ ಕಾಕನ ಕೈಗೆ. ಅವನು ಬೆಳಿಗ್ಗೆ ಬಂದು, ಪಡುವಣಕ್ಕೆ ಮುಖ ಮಾಡಿ, ಬಿಸ್ಮಿ ಹೇಳಿ ಒಂದೊಂದೇ ಕೊಯ್ದು ಕೊಡುತ್ತಿದ್ದ. ಹಾಗೆ ಮಾಡಿದರೆ ಊರಿನವರೆಲ್ಲ ಉಣ್ಣಬಹುದು. ನನ್ನ ಅತ್ತೆಯ ಕಾಲದಿಂದ ಹಾಗೆ ನಡೆದಿತ್ತು.

ಮಗನ ಮದುವೆಯ ಬೀಗರ ಊಟಕ್ಕೆ ಅರವತ್ತು ಕೋಳಿ ತರಿಸಿದ್ದೆವು. ಮೈದುನ ಆಗ ಪೇಟೆಯಲ್ಲಿ ಯಾರದೋ ಭಾಷಣ ಕೇಳಿಕೊಂಡು ಬಂದಿದ್ದ. "ನಮ್ಮ ಮದುವೆ ಕೋಳಿಗೆ ಅವನ ಮಂತ್ರ ಯಾಕೆ?" ಅಂತ ಹಿಂದಿನ ಸಂಜೆಯೇ ಅವನೂ ಇನ್ನಿಬ್ಬರೂ ಸೇರಿ ಅರವತ್ತನ್ನೂ ಕೊಯ್ದು ಮುಗಿಸಿದರು. ನಾನು ತಡೆಯಲಿಲ್ಲ. ಬಿಸಿನೀರು ಕಾಯಿಸಿ ಕೊಟ್ಟೆ, ಪುಕ್ಕ ಕಿತ್ತೆ.

ಬೆಳಿಗ್ಗೆ ಕಾಕ ಕತ್ತಿ ಮಸೆದು, ಬಟ್ಟೆಯಲ್ಲಿ ಸುತ್ತಿಕೊಂಡು ಹಿತ್ತಲಿಗೆ ಬಂದ. "ಕೋಳಿ ಎಲ್ಲಿ?" ಅಂತ ಕೇಳಿದ. ಎಲ್ಲರೂ ನನ್ನ ಮುಖ ನೋಡಿದರು. "ಸಿದ್ದಾಪುರದಿಂದ ನಿಮ್ಮವರೇ ಒಬ್ಬರು ಬಂದಿದ್ರು ಕಾಕ, ನಿಮಗೆ ಯಾಕೆ ತೊಂದರೆ ಅಂತ ಸಂಜೆಯೇ ಮಾಡಿಸಿದೆವು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಬನ್ನಿ" ಅಂದೆ. ಸುಳ್ಳು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು. ಅವನಿಗೆ ಸ್ವಲ್ಪ ಬೇಸರವಾಯಿತು. ಆದರೂ "ಒಳ್ಳೇದಾಯ್ತು ಅಕ್ಕ" ಅಂದ.

ಮಧ್ಯಾಹ್ನ ಗಂಡ, ಹೆಂಡತಿ, ಮೂರು ಮಕ್ಕಳು, ಎಲ್ಲರೂ ಹೊಸಬಟ್ಟೆಯಲ್ಲಿ ಬಂದರು. ಪಂಕ್ತಿಯಲ್ಲಿ ಕೂತರು. ಅಡುಗೆಮನೆ ಕಿಟಕಿಯಿಂದ ನಮ್ಮ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. "ಅಗೋ, ಬಾಯಿಗೆ ಹಾಕಿದಳು", "ಮೂಳೆ ಚೀಪ್ತಾ ಇದ್ದಾನೆ ನೋಡು." ನಾನೂ ನಕ್ಕೆ. ನಗುವುದಷ್ಟೇ ಅಲ್ಲ, ಸೌಟು ಹಿಡಿದು ಹೊರಗೆ ಹೋಗಿ ಉಮ್ಮನ ಎಲೆಗೆ ನಾನೇ ಬಡಿಸಿದೆ. "ಇನ್ನೊಂದು ತುಂಡು ಹಾಕ್ಕೋ, ಮದುವೆಮನೆ, ನಾಚಿಕೆ ಮಾಡಬೇಡ" ಅಂದೆ. ಅವಳು "ಸಾಕು ಅಕ್ಕ, ಸಾಕು" ಅಂತ ಕೈ ಅಡ್ಡ ಹಿಡಿದರೂ ಬೆರಳಿನ ಸಂದಿಯಲ್ಲಿ ಹಾಕಿದೆ. ಅದು ನನಗೆ ಮಜಾ ಅನ್ನಿಸಿತ್ತು. ಬಲವಂತಕ್ಕೆ ಮಾಡಿದ್ದಲ್ಲ, ಯಾರಿಗೂ ಹೆದರಿ ಮಾಡಿದ್ದಲ್ಲ. ಎಷ್ಟೋ ವರ್ಷ ಆ ಕಥೆ ಹೇಳಿಕೊಂಡು ನಾವು ನಕ್ಕಿದ್ದೇವೆ, ಮಕ್ಕಳು ಮಲಗಿದ್ದಾರೆ ಅಂತ ನೋಡಿಕೊಂಡು.

ಮೊಮ್ಮಗಳು ನನ್ನನ್ನೂ ಕೇಳಿದಳು. "ಅಡುಗೆಮನೆಯ ಕಡೆಯಿಂದ ನೀನೂ ಹೇಳು ಅಜ್ಜಿ. ಬೇರೆ ಮಾಪಿಳ್ಳೆಯನ್ನು ಹುಡುಕಿ ಕರೆಸಿದ್ದು ಹೇಗೆ?"

ನಾನು ಫೋನಿಗೆ ಮುಖ ಕೊಟ್ಟು ಹೇಳಿದೆ. ಬಂದವನಿಗೆ ಗಡ್ಡ ಇತ್ತು, ಬಿಳಿ ಟೋಪಿ ಇತ್ತು, ಬಸ್ಸಿಗೆ ತಡವಾಗುತ್ತದೆ ಅಂತ ಟೀ ಕೂಡ ಕುಡಿಯದೆ ಹೋದ. ಇಲ್ಲದ ಮನುಷ್ಯನಿಗೆ ಗಡ್ಡ ಟೋಪಿ ಎಲ್ಲ ಹಾಕಿದೆ. ಅವಳು ನನ್ನ ಕೆನ್ನೆಗೆ ಮುತ್ತು ಕೊಟ್ಟಳು. ಸುಳ್ಳಾದರೇನು, ಮಗು ಗೆದ್ದರೆ ಸಾಕು ಅಂತಿತ್ತು ನನಗೆ.

ನಾಲ್ಕು ತಿಂಗಳಲ್ಲಿ ಅಧ್ಯಾಯ ಬರೆದು ಮುಗಿಸಿದಳು. ಇನ್ನೊಂದು ತಿಂಗಳಿಗೆ ಒಪ್ಪಿಸಬೇಕು ಅನ್ನುವಾಗ ಉಮ್ಮ ನಮ್ಮ ಮನೆಗೆ ಬಂದಳು. ಅವಳ ಮಗ ಅವಳನ್ನು ಉಮ್ರಾಕ್ಕೆ, ಅಂದರೆ ಮೆಕ್ಕಾ ಯಾತ್ರೆಗೆ, ಕರೆದುಕೊಂಡು ಹೋಗುತ್ತಿದ್ದ. ಹೊರಡುವ ಮೊದಲು ಅವರು ಗುರುತಿರುವವರ ಮನೆಗೆಲ್ಲ ಹೋಗಿ ಪೊರುತ್ತ ಕೇಳುತ್ತಾರೆ. ತಿಳಿದೋ ತಿಳಿಯದೆಯೋ ನಿಮಗೆ ತಪ್ಪು ಮಾಡಿದ್ದರೆ ಮನಸ್ಸಿನಿಂದ ಬಿಟ್ಟುಬಿಡಿ ಅಂತ ಕೇಳುವುದು. ಮನುಷ್ಯನಿಗೆ ಮಾಡಿದ ತಪ್ಪನ್ನು ಆ ಮನುಷ್ಯನೇ ಬಿಡಬೇಕು, ದೇವರಿಗೂ ಬಿಡಲು ಬರುವುದಿಲ್ಲ ಅಂತ ಅವರ ಲೆಕ್ಕ. ನಮ್ಮ ಊರಿನಲ್ಲಿ ಎಷ್ಟೋ ಜನ ನನ್ನಲ್ಲಿ ಹಾಗೆ ಕೇಳಿದ್ದಾರೆ. "ಆಯ್ತು ಆಯ್ತು, ಹೋಗಿ ಬನ್ನಿ" ಅನ್ನುತ್ತೇವೆ. ಇಲ್ಲ ಅಂದವರನ್ನು ನಾನು ನೋಡಿಲ್ಲ.

ಉಮ್ಮ ಜಗಲಿಯಲ್ಲಿ ನನ್ನ ಎರಡೂ ಕೈ ಹಿಡಿದಳು. "ಅಕ್ಕ, ನನ್ನ ಆಡು ನಿಮ್ಮ ಏಲಕ್ಕಿ ಗಿಡ ತಿಂದದ್ದು, ಮಕ್ಕಳು ಕಿತ್ತಳೆ ಕದ್ದದ್ದು, ಒಂದು ಸಲ ನಿಮ್ಮ ಸೊಸೆಯ ವಿಷಯ ನಾನು ಬೇರೆ ಮನೆಯಲ್ಲಿ ಮಾತಾಡಿದ್ದು. ಪೊರುತ್ತ ಕೊಡಬೇಕು."

"ಕೊಟ್ಟೆ ಮಾರಾಯ್ತಿ. ಸೊಸೆಯ ವಿಷಯ ನಾನು ಅದಕ್ಕಿಂತ ಜಾಸ್ತಿ ಮಾತಾಡಿದ್ದೇನೆ" ಅಂದೆ. ಇಬ್ಬರೂ ನಕ್ಕೆವು. ಮೊಮ್ಮಗಳು ಪಕ್ಕದಲ್ಲೇ ಫೋನು ಹಿಡಿದು ಕೂತಿದ್ದಳು, ಇದನ್ನೂ ಬರೆಯಬೇಕು ಅಂತ.

ಅಷ್ಟರಲ್ಲಿ ನನಗೆ ಏನನ್ನಿಸಿತೋ. ಮೊಮ್ಮಗಳು ಗೆಲ್ಲುತ್ತಿದ್ದಾಳೆ, ಉಮ್ಮ ಮೆಕ್ಕಾಕ್ಕೆ ಹೋಗುತ್ತಿದ್ದಾಳೆ, ಎಲ್ಲ ಒಳ್ಳೆಯದಾಗುತ್ತಿದೆ, ಎದೆ ತುಂಬಿಬಂದಿತ್ತು. ಅವರಲ್ಲಿ ಕೇಳಿದರೆ ಸಿಗುವ ವಸ್ತು ಇದು, ನಂದನ್ನೂ ಈಗಲೇ ತೊಳೆದುಬಿಡೋಣ ಅಂದುಕೊಂಡೆ. ನಮ್ಮಲ್ಲಿ ಹರಕೆ ಕಾಣಿಕೆ ಹಾಕಿ ಮುಗಿಸುತ್ತೇವಲ್ಲ, ಹಾಗೆ.

"ನಂದೂ ಒಂದು ಉಂಟು ಉಮ್ಮ. ನೀನೂ ಪೊರುತ್ತ ಕೊಡು" ಅಂತ ನಗುನಗುತ್ತಲೇ ಹೇಳಿದೆ. "ಮಗನ ಮದುವೆಯ ಕೋಳಿಗೆ ಯಾವ ಮಾಪಿಳ್ಳೆಯೂ ಬರಲಿಲ್ಲ. ನಮ್ಮವರೇ ಕೊಯ್ದದ್ದು."

ಉಮ್ಮ ನನ್ನ ಕೈ ಬಿಟ್ಟಳು.

"ತಮಾಷೆ ಮಾಡ್ತೀರಾ?"

ಒಳಗಿನಿಂದ ಮೈದುನನ ದನಿ ಬಂತು. "ತಮಾಷೆ ಎಂಥದು? ಈ ಕೈಯಲ್ಲಿ ಕೊಯ್ದದ್ದು ನಾನೇ. ಚೆನ್ನಾಗಿ ಉಂಡ್ರಿ, ಕಾಕ ಮೂರು ಸಲ ಹಾಕಿಸ್ಕೊಂಡ!"

ಉಮ್ಮ ತಲೆಯ ಮೇಲಿನ ಬಟ್ಟೆ ಸರಿ ಮಾಡಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು. "ಗೊತ್ತಿಲ್ಲದೆ ತಿಂದದ್ದು ನಮಗೆ ತಪ್ಪಲ್ಲ. ಆ ತಪ್ಪು ನಿಮ್ಮ ಮೇಲೆ. ಆದರೆ ನಮ್ಮ ಮನೆಯವರು ಸಾಯುವವರೆಗೂ ಮಸೀದಿಯಲ್ಲಿ ಹೇಳ್ತಿದ್ರು, ನಮಗೋಸ್ಕರ ಬೇರೆ ಊರಿಂದ ಆಳು ಕರೆಸಿದ ಮನೆ ಅಂತ. ಎಲ್ಲರ ಹತ್ತಿರ ಹೇಳ್ತಿದ್ರು. ಅವರ ಪಾಲಿನ ಪೊರುತ್ತ ನನಗೆ ಕೊಡಲಿಕ್ಕೆ ಬರುದಿಲ್ಲ. ನನ್ನ ಪಾಲಿಂದು ಕೊಡಬಹುದು. ಕೊಡುದಿಲ್ಲ."

"ಕೇಳಿದರೆ ಕೊಡಬೇಕಲ್ಲ!"

"ಕೊಡಬೇಕು ಅಂತ ಯಾರು ಹೇಳಿದ್ದು ಅಕ್ಕ?" ಆಮೇಲೆ ಮೊಮ್ಮಗಳ ಕಡೆ ತಿರುಗಿದಳು. "ಮೋಳೆ, ನನ್ನ ಮಾತು ವಾಪಸ್ಸು ಕೊಡು. ಅಳಿಸು ಅದನ್ನ."

ಅದನ್ನು ಕೇಳಿದ್ದೇ ನನಗೆ ತಲೆಗೆ ಏರಿತು. ನನ್ನ ಮಗುವಿನ ಪುಸ್ತಕವನ್ನು ಕಿತ್ತುಕೊಳ್ಳುತ್ತಾಳಲ್ಲ! "ಹಾಗಾದರೆ ನಾನೂ ಕೊಡುದಿಲ್ಲ. ಕೊಟ್ಟದ್ದು ವಾಪಸ್ಸು. ಪೊರುತ್ತ ಇಲ್ಲದೆ ಹೋಗು ಮೆಕ್ಕಾಕ್ಕೆ, ನಿನ್ನ ದೇವರು ಒಳಗೆ ಬಿಡ್ತಾನಾ ನೋಡೋಣ" ಅಂದೆ.

"ಅಜ್ಜಿ!" ಅಂತ ಮೊಮ್ಮಗಳು ಚೀರಿದಳು. ಉಮ್ಮನ ಮುಖ ಬೂದಿಯ ಹಾಗೆ ಆಯಿತು. ಅವಳಿಗೆ ಎಲ್ಲಿ ಚುಚ್ಚಿದರೆ ನೋವಾಗುತ್ತದೆ ಅಂತ ಗೊತ್ತಿದ್ದೇ ಚುಚ್ಚಿದ್ದೆ. ಅವಳು ಎದ್ದು ದಿಬ್ಬ ಇಳಿದು ಹೋದಳು.

ಮೊಮ್ಮಗಳು ಅಳಲಿಲ್ಲ. ಉಮ್ಮನ ಮಾತನ್ನು ಫೋನಿನಿಂದ ತೆಗೆದಳು, ಅಧ್ಯಾಯವನ್ನು ಕಂಪ್ಯೂಟರಿನಿಂದ ತೆಗೆದಳು. ನಾಲ್ಕು ತಿಂಗಳ ಕೆಲಸ. "ಮೇಷ್ಟ್ರಿಗೆ ಎಂಥ ಹೇಳ್ತಿ?" ಅಂತ ಕೇಳಿದೆ. "ನನ್ನ ಅಜ್ಜಿ ಸುಳ್ಳು ಹೇಳಿದ್ರು ಅಂತ" ಅಂದಳು. ಮೂರು ದಿನ ನನ್ನ ಕೈಯ ಕಾಫಿ ಕುಡಿಯಲಿಲ್ಲ.

ಉಮ್ಮ ಹೊರಡುವ ದಿನ ಬೆಳಿಗ್ಗೆ ನಮ್ಮ ಗೇಟಿನ ಹತ್ತಿರ ನಿಂತಿದ್ದಳು. ಒಳಗೆ ಬರಲಿಲ್ಲ. ಕೆಳಗೆ ರಸ್ತೆಯಲ್ಲಿ ಅವಳ ಮಗನ ಕಾರು ಹಾರ್ನ್ ಹಾಕುತ್ತಿತ್ತು. ನಾನು ಅಂಗಳ ಗುಡಿಸುತ್ತಿದ್ದೆ.

"ಅಕ್ಕ, ನೀವು ಕೊಟ್ಟದ್ದನ್ನು ವಾಪಸ್ಸು ತಗೊಂಡ್ರಿ. ನನಗೆ ಅದು ಬೇಕು. ಅದಿಲ್ಲದೆ ಹೋದರೆ ಮನಸ್ಸು ಅಲ್ಲಿ ನಿಲ್ಲುದಿಲ್ಲ."

"ನೀನು ನನಗೆ ಕೊಡ್ತೀಯಾ?"

"ಇಲ್ಲ."

ನಾನು ಗುಡಿಸುತ್ತಲೇ ಇದ್ದೆ. ಅಂಗಳದ ಆ ತುದಿಯವರೆಗೂ ಗುಡಿಸಿದೆ, ಕಸ ಗುಡ್ಡೆ ಹಾಕಿದೆ, ಕಸ ಎತ್ತಿ ಕಾಫಿ ಗಿಡದ ಬುಡಕ್ಕೆ ಹಾಕಿ ಬಂದೆ. ಹಾರ್ನ್ ಮತ್ತೆ ಮತ್ತೆ ಕೇಳಿತು. ಅವಳು ಗೇಟಿನ ಕಂಬ ಹಿಡಿದು ನಿಂತೇ ಇದ್ದಳು. ಅವಳನ್ನು ಹಾಗೆ ನಿಲ್ಲಿಸಿದ್ದು ನನಗೆ ಹಿತವಾಗಿತ್ತು. ತಲೆ ಎತ್ತಿದರೆ ಜಗಲಿಯಲ್ಲಿ ಮೊಮ್ಮಗಳು. ಅವಳು ಉಮ್ಮನನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. ಸಿದ್ದಾಪುರದ ಲೈನಿನಲ್ಲಿ ಹೊಸಬರನ್ನು ನೋಡುವಾಗ ಹೇಗೆ ನೋಡುತ್ತಿದ್ದಳೋ ಹಾಗೆ.

"ಕೊಟ್ಟೆ. ಹೋಗು" ಅಂದೆ. ಉಮ್ಮ ಹೋದಳು.

ಅದೇ ಮಧ್ಯಾಹ್ನ ಮೊಮ್ಮಗಳು ಮೇಜಿನ ಮೇಲೆ ಕಾಗದ ಇಟ್ಟು ನನ್ನನ್ನು ಎದುರಿಗೆ ಕೂರಿಸಿದಳು. "ಇದರಲ್ಲಿ ನಿಮ್ಮ ಹೆಸರು ಇರುವುದಿಲ್ಲ. ನಿಮಗೆ ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು" ಅಂತ ಓದಿದಳು. ನೀವು! ಹಾಲು ಕುಡಿಯುವಾಗಿನಿಂದ ಎತ್ತಿ ಆಡಿಸಿದವಳಿಗೆ ನೀವು!

"ಎಂಥ ಗೂಡೆ ಇದು, ನಾನು ನಿನ್ನ ಅಜ್ಜಿ" ಅಂದೆ. ಹುಡುಗಿಗೆ ನಮ್ಮಲ್ಲಿ ಗೂಡೆ ಅನ್ನುವುದು.

"ಸಹಿ ಹಾಕ್ತೀರಾ?"

ಹಾಕಿದೆ. ಅವಳು ಕೇಳಿದಳು. ಎಷ್ಟು ಕೋಳಿ? ನೀರು ಕಾಯಿಸಿದವರು ಯಾರು? ಕಿಟಕಿಯಲ್ಲಿ ಎಷ್ಟು ಜನ ಇದ್ದರು? ಮೊದಲು ನಕ್ಕವರು ಯಾರು? ಉಮ್ಮನ ಎಲೆಗೆ ಎಷ್ಟು ಸಲ ಬಡಿಸಿದಿರಿ? ಬಡಿಸುವಾಗ ನಿಮಗೆ ಏನನ್ನಿಸಿತು? ಒಂದು ಸಲ ನಾನು ಅಭ್ಯಾಸಬಲದಿಂದ ನಕ್ಕುಬಿಟ್ಟೆ. ಅವಳು ಫೋನು ನಿಲ್ಲಿಸಿ, ನನ್ನ ನಗು ಮುಗಿಯುವವರೆಗೂ ಕಾದು, ಮತ್ತೆ ಅದೇ ಪ್ರಶ್ನೆ ಕೇಳಿದಳು. ಗೇಟಿನ ವಿಷಯ ಕೇಳಿದಳು. ಎಷ್ಟು ಹೊತ್ತು ನಿಲ್ಲಿಸಿದಿರಿ, ಯಾಕೆ? ಎಲ್ಲ ಹೇಳಿದೆ. ಒಂದೂ ಬಿಡಲಿಲ್ಲ. ನನ್ನ ಜನ್ಮದಲ್ಲಿ ಯಾರೂ ನನ್ನನ್ನು ಹಾಗೆ ಸುಲಿದಿರಲಿಲ್ಲ. ಆದರೂ ಹೇಳುತ್ತೇನೆ, ಮೇಜಿನ ಆಚೆ ಕೂತು ಪ್ರಶ್ನೆ ಮೇಲೆ ಪ್ರಶ್ನೆ ಹಾಕುವ ಆ ಹುಡುಗಿಯನ್ನು ನೋಡಿ ನನ್ನ ಎದೆ ಉಬ್ಬಿತ್ತು. ಇವಳು ನನ್ನ ಮೊಮ್ಮಗಳು, ನನ್ನನ್ನೂ ಬಿಡುವವಳಲ್ಲ ಅಂತ.

ಹದಿನೈದು ದಿನಕ್ಕೆ ಉಮ್ಮ ವಾಪಸ್ಸು ಬಂದಳು. ಅವರಲ್ಲಿ ಯಾತ್ರೆಯಿಂದ ಬಂದವರು ಊರಿಗೆಲ್ಲ ಖರ್ಜೂರ, ಅಲ್ಲಿನ ನೀರು ಹಂಚುತ್ತಾರೆ. ಎಲ್ಲ ಮನೆಗೂ ಹೋಯಿತು. ಮೈದುನನಿಗೂ ಕೊಟ್ಟಳು, ಅವನ ಕೈಗೇ ಕೊಟ್ಟಳು. ಅವನು ಪೊರುತ್ತ ಕೇಳಿರಲೂ ಇಲ್ಲ, ಅವಳು ಅವನನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ. ನನಗೆ ಮಾತ್ರ ಇಲ್ಲ. ಮೊಮ್ಮಗಳು ಹೊಸದಾಗಿ ಬರೆದ ಅಧ್ಯಾಯವನ್ನು ಕನ್ನಡದಲ್ಲಿ ಅವಳಿಗೆ ಓದಿ ಹೇಳಿ ಬಂದಳು. ಇಡೀ ನಾನು ಹೇಳಿದ್ದೇ. ಉಮ್ಮ ಕೊನೆವರೆಗೂ ಕೇಳಿ, "ಈಗ ನನ್ನ ಮಾತೂ ಹಾಕು, ಅಜ್ಜಿಯ ಮಾತಿನ ಪಕ್ಕದಲ್ಲಿ. ಕೇಳದೆ ಉಂಡೆ ಅಂತಲೇ ಹಾಕು. ಪೊರುತ್ತ ಕೊಡಲಿಲ್ಲ ಅಂತಲೂ ಹಾಕು" ಅಂದಳಂತೆ. ಅಳಿಸಿದ್ದನ್ನು ಮತ್ತೆ ಕೂತು ಹೇಳಿದಳಂತೆ.

ಆ ಸುದ್ದಿ ಕೇಳಿ ನಾನೇ ದಿಬ್ಬ ಇಳಿದು ಹೋದೆ. ಅವಳ ಮನೆ ಮೆಟ್ಟಿಲ ಮೇಲೆ ನಿಂತು, ಈ ಸಲ ನಗದೆ, ಕಾಕನ ಹೆಸರೆತ್ತಿ ಪೊರುತ್ತ ಕೇಳಿದೆ. ಅವಳು ಮೆಣಸು ಒಣಹಾಕುತ್ತಿದ್ದಳು. "ಇಲ್ಲ. ಮುಂದಿನ ವಾರ ಬಂದು ಕೇಳಿ" ಅಂದಳು. ಟೀ ಕೊಟ್ಟಳು. ಮುಂದಿನ ವಾರ ಹೋದೆ. ಇಲ್ಲ ಅಂದಳು, ಟೀ ಕೊಟ್ಟಳು. ಒಂದು ವಾರ ಸೊಂಟ ನೋವು ಅಂತ ಹೋಗಲಿಲ್ಲ, ಅದರ ಮುಂದಿನ ವಾರ ಎರಡು ಸಲ ಕೇಳಿಸಿದಳು, ಎರಡು ಸಲ ಇಲ್ಲ ಅಂದಳು. ಮೈದುನ ಗೇಟಲ್ಲಿ ನಿಂತು, "ಅತ್ತಿಗೆ, ರೇಷನ್ ಸಿಕ್ಕಿತಾ?" ಅಂತ ಕೂಗುತ್ತಾನೆ. ಹೀಗೇ ನಡೆದು ಎರಡು ವರ್ಷದ ಹತ್ತಿರ ಆಯಿತು.

ಹೋದ ವಾರ ಮೊಮ್ಮಗಳು ಪಾಸಾದಳು. ಪರೀಕ್ಷೆಗೆ ದೂರದಿಂದ ಬಂದಿದ್ದ ದೊಡ್ಡವರೆಲ್ಲ ಆ ಒಂದು ಅಧ್ಯಾಯದ ಬಗ್ಗೆಯೇ ಒಂದು ಗಂಟೆ ಕೇಳಿದರಂತೆ. ಹೊರದೇಶದಲ್ಲಿ ಬೇರೆ ಬೇರೆ ಧರ್ಮದವರು ಸೇರುವ ಸಭೆಯಲ್ಲಿ ಅದನ್ನು ಓದಲು ಕರೆದಿದ್ದಾರಂತೆ. ಡಾಕ್ಟರ್! ನಮ್ಮ ಮನೆಯಲ್ಲಿ ಡಾಕ್ಟರ್! ನಾನು ಫೋನು ಇಟ್ಟವಳೇ ಚಪ್ಪಲಿ ಹಾಕದೆ ದಿಬ್ಬ ಇಳಿದು ಓಡಿದೆ. "ಉಮ್ಮಾ, ಗೂಡೆ ಪಾಸಾದಳು! ನಮ್ಮ ಕೋಳಿ ಪರದೇಶಕ್ಕೆ ಹೋಗ್ತದೆ!"

ಉಮ್ಮ ಎರಡೂ ಕೈ ಎತ್ತಿ ಅವಳಿಗೋಸ್ಕರ ಪ್ರಾರ್ಥನೆ ಮಾಡಿದಳು. ಕಣ್ಣು ಒರೆಸಿಕೊಂಡಳು. ಒಳಗೆ ಹೋಗಿ ಸಕ್ಕರೆ ತಂದು ನನ್ನ ಬಾಯಿಗೆ ಹಾಕಿದಳು. ನಾನೂ ಅವಳ ಬಾಯಿಗೆ ಹಾಕಿದೆ. ಇಬ್ಬರೂ ಮಾತಾಡಿ ಮಾತಾಡಿ ಟೀ ತಣ್ಣಗಾಯಿತು. ಸೊಸೆಗೆ ಹೇಳಬೇಕು, ಲೈನಿನವರಿಗೆ ಹೇಳಬೇಕು ಅಂತ ನಾನು ಎದ್ದು ಹೊರಟೆ. ರಸ್ತೆ ದಾಟಿ ದಿಬ್ಬಕ್ಕೆ ಕಾಲಿಡುವಾಗ ಹಿಂದಿನಿಂದ ಕರೆದಳು.

"ಅಕ್ಕ, ಈ ವಾರದ್ದು ಕೇಳಲಿಲ್ಲ ನೀವು."

ನಾನು ತಿರುಗಿ ನಿಂತು ಕೇಳಿದೆ.

"ಇಲ್ಲ" ಅಂದಳು.